ಮರೈನ್ ಟ್ಯಾಂಕಿಗೆ ಹೊಂದುವ ಮೀನುಗಳನ್ನು ಆರಿಸುವುದು ಹೇಗೆ: ಬೆಂಗಳೂರಿನ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಮರೈನ್ ಟ್ಯಾಂಕ್, ಅಂದರೆ ಸಮುದ್ರದ ಮೀನು ಸಾಕುವ ಉಪ್ಪುನೀರಿನ ತೊಟ್ಟಿ, ಇಟ್ಟ ಮೂರನೇ ತಿಂಗಳಿಗೆ ಒಳಗೆ ಒಂದೇ ಮೀನು ಉಳಿದಿರುತ್ತದೆ. ಬಹಳ ಮನೆಗಳಲ್ಲಿ ಅದು ಎಲ್ಲಕ್ಕಿಂತ ಮೊದಲು ತಂದ ನೀಲಿ ಡ್ಯಾಮ್ಸೆಲ್. ಉಳಿದವು ಸತ್ತಿದ್ದು ನೀರು ಕೆಟ್ಟಿದ್ದಕ್ಕೆ ಎಂದುಕೊಂಡು ಇನ್ನೊಂದು ಜೊತೆ ತರುತ್ತಾರೆ, ಅವೂ ಹೋಗುತ್ತವೆ. ಎಷ್ಟೋ ಸಲ ನೀರು ಚೆನ್ನಾಗಿಯೇ ಇರುತ್ತದೆ. ತಪ್ಪಾಗಿರುವುದು ಯಾವ ಮೀನನ್ನು ಯಾವುದರ ಜೊತೆ, ಯಾವುದರ ನಂತರ ಬಿಟ್ಟರು ಎಂಬಲ್ಲಿ. ಪಟ್ಟಿ ಪೂರ್ತಿ ಕಾಗದದ ಮೇಲೆ ಬರುವವರೆಗೆ ಮೊದಲ ಮೀನನ್ನೂ ಕೊಳ್ಳಬಾರದು. ಈ ಮಾರ್ಗದರ್ಶಿ ಮೀನು ಮಾತ್ರ ಸಾಕುವ ಮನೆಯ ಟ್ಯಾಂಕುಗಳಿಗೆ.

## ಮೀನಿಗಿಂತ ಮೊದಲು ಮನೆಗೆ ಬರಬೇಕಾದ ಸಾಮಾನು

ನೀರಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಮತ್ತು ಅದನ್ನು ಸರಿಹೊಂದಿಸಲು 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪಿನ) ದ್ರಾವಣ. ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರನ್ನು ನಂಬಬೇಡಿ, ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಓದು ತಪ್ಪುತ್ತದೆ. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆಯುವ ಹನಿ ಕಿಟ್‌ಗಳು. ಹೀಟರ್ ಮತ್ತು ಬೇರೆಯದೇ ಆದ ಥರ್ಮಾಮೀಟರ್. ಟ್ಯಾಂಕಿನ ಬಾಯಿ ಪೂರ್ತಿ ಮುಚ್ಚುವ, 6 ಮಿ.ಮೀ. ಕಣ್ಣಿನ ಬಲೆಯ ಮುಚ್ಚಳ. ಕರೆಂಟ್ ಹೋದರೆ ತಾನಾಗಿ ಓಡುವ ಬ್ಯಾಟರಿ ಏರ್ ಪಂಪ್, ಅಥವಾ ಯುಪಿಎಸ್‌ಗೆ ಸೇರಿಸಿದ, ನೀರನ್ನು ಕಲಕುವ ವೇವ್‌ಮೇಕರ್.

ಇದರ ಜೊತೆಗೆ 40ರಿಂದ 60 ಲೀಟರಿನ ಇನ್ನೊಂದು ಸಾದಾ ಟ್ಯಾಂಕ್, ಅದಕ್ಕೆ ಸ್ಪಾಂಜ್ ಫಿಲ್ಟರ್, ಅವಿತುಕೊಳ್ಳಲು ಎರಡು ಮೂರು ತುಂಡು ಪಿವಿಸಿ ಪೈಪ್. ಇದು ಕ್ವಾರಂಟೈನ್ ಟ್ಯಾಂಕ್, ಹೊಸ ಮೀನಿಗೆ ರೋಗವಿದೆಯೇ ನೋಡಲು ಕೆಲವು ವಾರ ಬೇರೆ ಇಡುವ ತೊಟ್ಟಿ. ಜಾಗವಿಲ್ಲ ಎಂದು ಇದನ್ನು ಬಿಡುವವರೇ ಹೆಚ್ಚು, ಮುಂದೆ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವವರೂ ಅವರೇ. ಕೊನೆಯದಾಗಿ, ತೂತುಗಳಿರುವ ಪಾರದರ್ಶಕ ಅಕ್ರಿಲಿಕ್ ಡಬ್ಬಿ ಒಂದು. ಹೊಸ ಮೀನನ್ನು ಟ್ಯಾಂಕಿನ ಒಳಗೇ ಬೇರೆ ಇಡಲು ಇದು ಬೇಕು.

## ಹಂತ 1: ಟ್ಯಾಂಕ್ ತಯಾರಾಗಿದೆಯೇ ನೋಡಿಕೊಳ್ಳಿ

ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ಕ್ಲೋರಿನ್ ಹಾಕಿದ ಕಾವೇರಿ ನೀರು, ಯಾವುದನ್ನೂ ನೇರ ಬಳಸುವ ಹಾಗಿಲ್ಲ. ಅಡುಗೆಮನೆಯ ಆರ್‌ಓ ಕೂಡ ಸಾಲದು. ಕುಡಿಯಲು ರುಚಿಯಾಗಲೆಂದು ಅದರಲ್ಲಿ ಬಹುತೇಕ ಒಂದಿಷ್ಟು ಖನಿಜ ಉಳಿಸಿರುತ್ತಾರೆ. ಆರ್‌ಓ ನಂತರ, ಉಳಿದ ಖನಿಜವನ್ನೂ ಹಿಡಿಯುವ ಡಿಐ ರೆಸಿನ್ ಹಾಯ್ದು, ಕರಗಿದ ಖನಿಜ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಅದಕ್ಕೆ ಮರೈನ್ ಸಾಲ್ಟ್ ಮಿಕ್ಸ್ ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಬೆರೆಸಿ, ಒಂದು ದಿನ ಪಂಪ್ ಓಡಿಸಿ ಅಳೆಯಿರಿ. ಲವಣಾಂಶ (ಸಿಹಿನೀರಿಗೆ ಹೋಲಿಸಿದ ಸಾಂದ್ರತೆಯ ಲೆಕ್ಕದಲ್ಲಿ) 1.025ರಿಂದ 1.026 ಇರಲಿ, ಉಷ್ಣತೆ 25ರಿಂದ 26 ಡಿಗ್ರಿ, ಪಿಎಚ್ 8.0ರಿಂದ 8.4.

ಮೀನಿನ ಗಲೀಜಿನ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅಮೋನಿಯಂ ಕ್ಲೋರೈಡ್ ಹನಿ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ ತನ್ನಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0 ಆದರೆ ಟ್ಯಾಂಕ್ ಸಿದ್ಧ. ಈ ಕೆಲಸಕ್ಕೆಂದು ‘ಗಟ್ಟಿ ಮೀನು’ ಡ್ಯಾಮ್ಸೆಲ್ ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಮೀನು ಅಮೋನಿಯಾದಲ್ಲಿ ಕಿವಿರು ಸುಟ್ಟುಕೊಂಡು ಬದುಕಿ ಉಳಿಯುತ್ತದೆ, ಆಮೇಲೆ ಇಡೀ ಟ್ಯಾಂಕ್ ತನ್ನದೆನ್ನುತ್ತದೆ.

ನಮ್ಮ ಊರಿಗೆ ಸೇರಿದ ಎರಡು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಚೆನ್ನೈ, ಮುಂಬೈಯವರು ಹಾಕುವ ಸಂಖ್ಯೆಗಿಂತ ಒಂದು ಮೀನು ಕಡಿಮೆಯೇ ಇರಲಿ. ಎರಡನೆಯದು, ಏಪ್ರಿಲ್ ಸೆಕೆಯಲ್ಲಿ ನೀರು 29 ಡಿಗ್ರಿ ದಾಟುತ್ತದೆ. ಒಣಹವೆಯಲ್ಲಿ ಮೇಲಿಂದ ಬೀಸುವ ಚಿಕ್ಕ ಫ್ಯಾನ್ 2ರಿಂದ 3 ಡಿಗ್ರಿ ಇಳಿಸುತ್ತದೆ, ಆದರೆ ನೀರು ಬೇಗ ಆವಿಯಾಗುತ್ತದೆ. ಆವಿಯಾದಷ್ಟನ್ನು ಸಿಹಿ ಡಿಐ ನೀರಿನಿಂದಲೇ ತುಂಬಿ. ಉಪ್ಪುನೀರು ತುಂಬಿದರೆ ವಾರದಲ್ಲಿ ಲವಣಾಂಶ ಏರಿ ಕೂತಿರುತ್ತದೆ.

## ಹಂತ 2: ನಿಜವಾದ ಲೀಟರ್ ಲೆಕ್ಕ ಹಾಕಿ

ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿ. ಮೂರಡಿ ಟ್ಯಾಂಕ್, ಅಂದರೆ 91×45×45 ಇದ್ದರೆ 184 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ಕೈಗೆ ಸಿಗುವುದು ಸುಮಾರು 150. ಪಟ್ಟಿ ಮಾಡುವಾಗ ಈ 150 ಲೆಕ್ಕಕ್ಕೆ ತೆಗೆದುಕೊಳ್ಳಿ, ಅಂಗಡಿಯವರು ಹೇಳಿದ 184 ಅಲ್ಲ. ಸಿಹಿನೀರಿನ ಟ್ಯಾಂಕಿಗೆ ಹೇಳುವ ‘ಇಷ್ಟು ಲೀಟರಿಗೆ ಇಷ್ಟು ಇಂಚು ಮೀನು’ ಸೂತ್ರ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಜಗಳ ನೀರಿಗಲ್ಲ, ಗುಹೆಗೆ. ಈಜುವ ಮೀನಿಗೆ ಉದ್ದ ಬೇಕು, ಗುಹೆ ಕಾಯುವ ಮೀನಿಗೆ ಕಲ್ಲಿನ ಸಂದಿ ಬೇಕು. ಅದಕ್ಕಾಗಿ ಕಲ್ಲನ್ನು ಒಂದೇ ಗುಡ್ಡೆ ಮಾಡದೆ, ನಡುವೆ ಒಂದು ಗೇಣು ಬಯಲು ಬಿಟ್ಟು ಎರಡು ಗುಡ್ಡೆ ಕಟ್ಟಿ. ಎರಡು ಮೀನಿಗೆ ಎರಡು ಮನೆ ಆಯಿತು, ನಡುವೆ ಗಡಿಯೂ ಆಯಿತು.

## ಹಂತ 3: ಪ್ರತಿ ಹೆಸರನ್ನೂ ಈ ಪ್ರಶ್ನೆಗಳಿಗೆ ಒಡ್ಡಿ

ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತದೆ? ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವ ನೀಲಿ ಟ್ಯಾಂಗ್ ಸುಮಾರು 30 ಸೆಂ.ಮೀ. ಬೆಳೆಯುತ್ತದೆ, ಆರಡಿ ಟ್ಯಾಂಕೇ ಅದಕ್ಕೆ ಬೇಕು. ಎಂಪರರ್ ಏಂಜೆಲ್ 40 ಸೆಂ.ಮೀ. ಮುಟ್ಟುತ್ತದೆ. ‘ದೊಡ್ಡದಾದ ಮೇಲೆ ನೋಡಿಕೊಳ್ಳೋಣ’ ಎಂದವರಲ್ಲಿ ಆರಡಿ ಟ್ಯಾಂಕ್ ಮಾಡಿಸಿದವರು ಬಹಳ ಕಡಿಮೆ.

ಇದರ ಬಾಯಿಗೆ ಹಿಡಿಸುವ ಮೀನು ಟ್ಯಾಂಕಿನಲ್ಲಿದೆಯೇ? ಲಯನ್ ಫಿಶ್ ಜಗಳ ಆಡುವುದಿಲ್ಲ, ಯಾರನ್ನೂ ಅಟ್ಟುವುದಿಲ್ಲ. ಬಾಯಿಗೆ ಹಿಡಿಸಿದ್ದನ್ನು ರಾತ್ರಿ ನುಂಗುತ್ತದೆ, ಬೆಳಿಗ್ಗೆ ನಿಮಗೆ ಎಣಿಕೆ ಮಾತ್ರ ಕಡಿಮೆ ಕಾಣುತ್ತದೆ. ಅದರ ಮುಳ್ಳಿಗೆ ವಿಷವೂ ಇರುವುದರಿಂದ ಚಿಕ್ಕ ಮಕ್ಕಳಿರುವ ಮನೆಗೆ ತಕ್ಕದ್ದಲ್ಲ.

ಆಕಾರ, ಬಣ್ಣ, ಆಹಾರದಲ್ಲಿ ಇದನ್ನೇ ಹೋಲುವ ಇನ್ನೊಂದು ಇದೆಯೇ? ಇದೇ ಮುಖ್ಯ ಪ್ರಶ್ನೆ. ಸಮುದ್ರದ ಮೀನು ತನ್ನಂತೆ ಕಾಣುವುದನ್ನೇ ಶತ್ರು ಎಂದು ಎಣಿಸುತ್ತದೆ, ಯಾಕೆಂದರೆ ಅದೇ ತನ್ನ ಗುಹೆಗೂ ಜೊತೆಗಾರನಿಗೂ ಊಟಕ್ಕೂ ಪೈಪೋಟಿ. ಕ್ಲೌನ್ ಮೀನು ಗೋಬಿಯನ್ನು ತಿರುಗಿಯೂ ನೋಡದು, ಇನ್ನೊಂದು ಜಾತಿಯ ಕ್ಲೌನನ್ನು ಕೊಲ್ಲುವವರೆಗೆ ಬಿಡದು. ಮನೆಯ ಟ್ಯಾಂಕಿಗೆ ಒಂದು ಬಗೆಯಿಂದ ಒಂದು ಮೀನು, ಅಥವಾ ಒಂದು ಜೋಡಿ. ಅಷ್ಟೇ.

ಎಲ್ಲಿ ಇರುತ್ತದೆ, ಎಷ್ಟು ಬೇಗ ತಿನ್ನುತ್ತದೆ? ತಳದಲ್ಲಿ ಒಂದು, ಕಲ್ಲಿನಲ್ಲಿ ಒಂದು, ಬಯಲು ನೀರಿನಲ್ಲಿ ಒಂದೆರಡು ಹಂಚಿದರೆ ಮುಖಾಮುಖಿ ಕಡಿಮೆ. ನಿಧಾನಕ್ಕೆ ಮೂಸಿ ತಿನ್ನುವ ಮ್ಯಾಂಡರಿನ್ ಪಕ್ಕದಲ್ಲಿ ಸಿಕ್ಸ್ ಲೈನ್ ರಾಸ್ ಬಿಟ್ಟರೆ ಏಟೇ ಬೀಳದೆ ಮ್ಯಾಂಡರಿನ್ ಬಡಕಲಾಗಿ ಸಾಯುತ್ತದೆ. ಎರಡೂ ಕಲ್ಲಿನ ಮೇಲಿನ ಅದೇ ಸೂಕ್ಷ್ಮ ಜೀವಿಗಳನ್ನು ಹೆಕ್ಕುತ್ತವೆ.

ಇಟ್ಟುಕೊಳ್ಳಲು ಕಾನೂನು ಒಪ್ಪುತ್ತದೆಯೇ? ಕಡಲಕುದುರೆ ಮತ್ತು ಅದರ ಬಳಗದ ಪೈಪ್ ಫಿಶ್, ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ. ಯಾರು ಎಷ್ಟು ಧೈರ್ಯ ಹೇಳಿದರೂ ಪಟ್ಟಿಗೆ ಸೇರಿಸಬೇಡಿ.

## ಹಂತ 4: ಯಾವುದು ಯಾವುದಕ್ಕೆ ಹೊಂದುತ್ತದೆ

ಕ್ಲೌನ್. ಮೊದಲ ಟ್ಯಾಂಕಿಗೆ ಕಿತ್ತಳೆ ಬಣ್ಣದ ಒಸೆಲ್ಲಾರಿಸ್ ಒಂದು ಜೋಡಿ. ಒಂದು ದೊಡ್ಡದು, ಒಂದು ಸ್ಪಷ್ಟವಾಗಿ ಚಿಕ್ಕದು ಆರಿಸಿ. ಇವು ಹುಟ್ಟುವಾಗ ಹೆಣ್ಣಲ್ಲ, ಗುಂಪಿನ ದೊಡ್ಡದು ಮುಂದೆ ಹೆಣ್ಣಾಗುತ್ತದೆ, ಅದರ ಕೆಳಗಿನದು ಗಂಡಾಗಿ ಉಳಿಯುತ್ತದೆ. ಎರಡೂ ಒಂದೇ ಗಾತ್ರವಿದ್ದರೆ ಯಾರು ದೊಡ್ಡವರು ಎಂದು ತೀರ್ಮಾನವಾಗುವವರೆಗೆ ಕಾದಾಟ. ಚಿಕ್ಕದು ದೊಡ್ಡದರ ಎದುರು ಓರೆಯಾಗಿ ಮಲಗಿ, ಚಳಿ ಬಂದಂತೆ ಮೈ ನಡುಗಿಸುವುದು ರೋಗವಲ್ಲ. ‘ನೀನೇ ದೊಡ್ಡವಳು’ ಎಂದು ಒಪ್ಪಿಕೊಂಡ ಗುರುತು, ಜೋಡಿ ಕೂಡಿತು ಎಂದು ತಿಳಿಯಿರಿ. ಸಾಧ್ಯವಾದರೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿ ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮರಿ ಮಾಡಿಸುವ ವಿಧಾನ ರೂಢಿಸಿರುವುದರಿಂದ ಇವು ನಮ್ಮ ದೇಶದಲ್ಲೇ ಸಿಗುತ್ತವೆ. ಮರೂನ್ ಕ್ಲೌನ್ ಬೇಡ, ಚಿಕ್ಕ ಟ್ಯಾಂಕಿನಲ್ಲಿ ಅದು ರೌಡಿ. ಕ್ಲೌನ್ ಇದೆಯೆಂದು ಕಾರ್ಪೆಟ್ ಅನಿಮೋನ್ ತರುವುದೂ ಬೇಡ. ಅದಿಲ್ಲದೆ ಕ್ಲೌನ್ ಚೆನ್ನಾಗಿಯೇ ಬದುಕುತ್ತದೆ, ಅದು ಮಾತ್ರ ಪಕ್ಕದಲ್ಲಿ ಹಾದ ಮೆತ್ತಗಿನ ಮೀನನ್ನು ಹಿಡಿದು ತಿನ್ನುತ್ತದೆ.

ಗ್ರಾಮ (ಊರಲ್ಲ, ಮೀನಿನ ಹೆಸರು) ಮತ್ತು ಡಾಟಿಬ್ಯಾಕ್. ಇಲ್ಲಿ ಮೋಸ ಹೋಗುವವರು ತುಂಬಾ. ರಾಯಲ್ ಗ್ರಾಮ ಮತ್ತು ರಾಯಲ್ ಡಾಟಿಬ್ಯಾಕ್, ಎರಡಕ್ಕೂ ಮುಂದಿನ ಅರ್ಧ ನೇರಳೆ, ಹಿಂದಿನ ಅರ್ಧ ಹಳದಿ. ಗಾಜಿಗೆ ಕಣ್ಣು ಹತ್ತಿರ ತಂದು ನೋಡಿ. ಗ್ರಾಮದಲ್ಲಿ ನೇರಳೆ ಚುಕ್ಕೆ ಚುಕ್ಕೆಯಾಗಿ ಹಳದಿಯೊಳಗೆ ಕರಗುತ್ತದೆ, ಬೆನ್ನ ರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಬೊಟ್ಟು, ಕಣ್ಣಿನ ಮೂಲಕ ಒಂದು ಗೆರೆ. ಡಾಟಿಬ್ಯಾಕಿನಲ್ಲಿ ಚಾಕುವಿನಿಂದ ಕೊಯ್ದಂತೆ ಎರಡು ಬಣ್ಣ, ಬೊಟ್ಟಿಲ್ಲ. ಗ್ರಾಮ ತನ್ನ ಗುಹೆ ಕಾಯುತ್ತದೆ, ಅಷ್ಟೇ. ಡಾಟಿಬ್ಯಾಕ್ ಇಡೀ ಟ್ಯಾಂಕನ್ನು ಕಾಯುತ್ತದೆ. ಎರಡನ್ನೂ ಒಟ್ಟಿಗೆ ಎಂದೂ ಇಡಬೇಡಿ.

ಸಾಧು ಮೀನುಗಳು. ಪೈಜಾಮ ಕಾರ್ಡಿನಲ್ ಮೂರು ಕೂಡಿ ಇರುತ್ತವೆ. ಬಂಗ್ಗಾಯಿ ಕಾರ್ಡಿನಲ್ ಹಾಗಲ್ಲ, ಐದು ತಂದರೂ ಕೊನೆಗೆ ಉಳಿಯುವುದು ಒಂದು ಜೋಡಿ, ಆದ್ದರಿಂದ ಒಂದೇ ತನ್ನಿ ಅಥವಾ ಕೂಡಿಕೊಂಡ ಜೋಡಿಯನ್ನೇ ತನ್ನಿ. ಫೈರ್ ಫಿಶ್ ಒಂದು, ಮುಚ್ಚಳ ಇದ್ದರೆ ಮಾತ್ರ. ಬೆದರಿದರೆ ಬೆರಳಗಲ ಸಂದಿಯಿಂದಲೂ ನೆಗೆದು ನೆಲಕ್ಕೆ ಬೀಳುತ್ತದೆ. ಹಳದಿ ವಾಚ್‌ಮನ್ ಗೋಬಿಗೆ 4ರಿಂದ 5 ಸೆಂ.ಮೀ. ಮರಳು ಹಾಸಿ. ಜೊತೆಗೊಂದು ಪಿಸ್ತೂಲ್ ಸಿಗಡಿ ಬಿಟ್ಟರೆ ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲು ಕಾಯುತ್ತದೆ. ಸಿಗಡಿಯ ಒಂದು ಮೀಸೆ ಸದಾ ಗೋಬಿಯ ಮೈಗೆ ತಾಗಿಯೇ ಇರುತ್ತದೆ. ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ತಡವಾಗಿ ಬರಬೇಕಾದವು. ಲಾನ್‌ಮೋವರ್ ಬ್ಲೆನಿ ಪಾಚಿ ಮೇಯುವ ಮೀನು, ಹೊಸ ಟ್ಯಾಂಕಿನಲ್ಲಿ ಹೊಟ್ಟೆಗಿಲ್ಲದೆ ಒಣಗುತ್ತದೆ, ಆರು ತಿಂಗಳಾದರೂ ಕಾಯಿರಿ. ಮ್ಯಾಂಡರಿನ್ ಇನ್ನೂ ತಡ. 250 ಲೀಟರಿಗೆ ಕಡಿಮೆಯಿಲ್ಲದ ಹಳೇ ಟ್ಯಾಂಕಿನಲ್ಲಿ, ಕಲ್ಲಿನ ಮೇಲೆ ಅದು ತಿನ್ನುವ ಸೂಕ್ಷ್ಮ ಜೀವಿಗಳಾದ ಕೋಪೆಪಾಡ್‌ಗಳು ಓಡಾಡುವುದು ಟಾರ್ಚ್ ಬೆಳಕಿಗೆ ಕಾಣಬೇಕು. ಕೋರಲ್ ಬ್ಯೂಟಿ ಏಂಜೆಲ್ ನಾಲ್ಕಡಿ ಟ್ಯಾಂಕಿಗೆ ಒಂದೇ ಒಂದು.

ಬೇಡವೇ ಬೇಡ. ಬಿಳಿ ಬೊಟ್ಟಿನ ಡಾಮಿನೋ, ಮೂರು ಪಟ್ಟೆ ಡ್ಯಾಮ್ಸೆಲ್, ಟ್ರಿಗರ್, ಪಫರ್. ಚಿಟ್ಟೆ ಮೀನು ಮತ್ತು ಮೂರಿಷ್ ಐಡಲ್ ಜಗಳಕ್ಕಲ್ಲ, ಮನೆಯಲ್ಲಿ ಸರಿಯಾಗಿ ಊಟ ಮುಟ್ಟದೆ ಸಾಯುತ್ತವೆ ಎಂದು ಬೇಡ. ಪೌಡರ್ ಬ್ಲೂ ಟ್ಯಾಂಗ್ ನಮ್ಮ ಹಿಂದೂ ಮಹಾಸಾಗರದ್ದೇ, ನೋಡಲು ಅಷ್ಟೇ ಚೆಂದ, ಆದರೆ ಬಿಳಿಚುಕ್ಕೆ ರೋಗ ಇದಕ್ಕೆ ಎಲ್ಲಕ್ಕಿಂತ ಮೊದಲು ಹತ್ತುತ್ತದೆ. ಕ್ರೋಮಿಸ್ ಗುಂಪು ಅಂದವೇನೋ ಹೌದು, ಚಿಕ್ಕ ಟ್ಯಾಂಕಿನಲ್ಲಿ ವಾರಕ್ಕೊಂದು ಕಡಿಮೆಯಾಗುತ್ತ ಬರುವುದೇ ಹೆಚ್ಚು.

## ಹಂತ 5: ತರುವ ಸರದಿ ಬರೆದಿಡಿ

ಸಾಧು ಮೊದಲು, ಜೋರಿನದು ಕೊನೆಗೆ. ಮೊದಲು ಬಂದ ಮೀನಿಗೆ ಊರೆಲ್ಲ ತನ್ನದು ಎನಿಸುತ್ತದೆ. ಹಾಗೆನಿಸಿದರೂ ಯಾರಿಗೂ ತೊಂದರೆ ಕೊಡದ ಮೀನೇ ಮೊದಲು ಇರಲಿ.

150 ಲೀಟರಿನ ಮೂರಡಿ ಟ್ಯಾಂಕಿಗೆ ಸರದಿ ಹೀಗೆ:

1. ಫೈರ್ ಫಿಶ್ ಒಂದು
2. ವಾಚ್‌ಮನ್ ಗೋಬಿ ಒಂದು, ಬೇಕಿದ್ದರೆ ಪಿಸ್ತೂಲ್ ಸಿಗಡಿ
3. ಕ್ಲೌನ್ ಜೋಡಿ, ಎರಡನ್ನೂ ಒಂದೇ ದಿನ
4. ರಾಯಲ್ ಗ್ರಾಮ ಒಂದು

ಐದು ಮೀನಿಗೆ ಟ್ಯಾಂಕ್ ಭರ್ತಿ. ಖಾಲಿ ಕಾಣುತ್ತದೆ ಎಂದು ಮನೆಗೆ ಬಂದವರು ಹೇಳಬಹುದು, ಹೇಳಲಿ. ನಾಲ್ಕಡಿ ಟ್ಯಾಂಕಾದರೆ ಮೊದಲ ಸರದಿಗೆ ಮೂರು ಪೈಜಾಮ ಕಾರ್ಡಿನಲ್, ಕಟ್ಟಕಡೆಗೆ ಕೋರಲ್ ಬ್ಯೂಟಿ ಸೇರಿಸಬಹುದು. ಒಂದು ಸರದಿಗೂ ಇನ್ನೊಂದಕ್ಕೂ ನಡುವೆ 4 ವಾರ. ಕ್ವಾರಂಟೈನಿಗೆ ಹೇಗೂ ಅಷ್ಟು ಬೇಕು, ಹೆಚ್ಚಿದ ಗಲೀಜಿಗೆ ತಕ್ಕಂತೆ ಬ್ಯಾಕ್ಟೀರಿಯಾ ಬೆಳೆಯಲೂ ಸಮಯ ಸಿಗುತ್ತದೆ.

## ಹಂತ 6: ಅಂಗಡಿಯಲ್ಲಿ

ಶಿವಾಜಿನಗರದ ಕಡೆ ಭಾನುವಾರ ಹೋದರೆ ಜನಜಂಗುಳಿಯಲ್ಲಿ ನಿಂತು ನೋಡಲು ಆಗುವುದಿಲ್ಲ. ವಾರದ ನಡುವೆ ಬೆಳಿಗ್ಗೆ ಹೋಗಿ. ಲೋಡ್ ಬಂದ ದಿನವೇ ಕೊಳ್ಳಬೇಡಿ. ಹೊರ ಊರಿನಿಂದ ಚೀಲದಲ್ಲಿ ಬಂದ ಮೀನಿಗೆ ಕನಿಷ್ಠ ಒಂದು ವಾರ ಅಂಗಡಿಯಲ್ಲೇ ಸುಧಾರಿಸಿಕೊಳ್ಳಲು ಬಿಡಿ, ಬೇಕಾದರೆ ಮುಂಗಡ ಕೊಟ್ಟು ಹಿಡಿದಿಡಿ. ಕೇಳಬೇಕಾದದ್ದು ಇಷ್ಟೇ: “ಅಣ್ಣಾ, ಇದು ಯಾವತ್ತು ಬಂತು? ಏನ್ ತಿಂತಿದೆ? ಒಂದ್ಸಲ ಹಾಕಿ ತೋರ್ಸಿ. ನಿಮ್ಮ ನೀರಿನ ಸಾಲಿನಿಟಿ ಎಷ್ಟಿದೆ?”

ಎದುರಿಗೆ ತಿಂದು ತೋರಿಸದ ಮೀನು ಬೇಡ, ಎಷ್ಟು ಕಡಿಮೆ ಬೆಲೆಯಾದರೂ ಬೇಡ. ಮೇಲಿನಿಂದ, ಮುಂದಿನಿಂದ ಎರಡೂ ಕಡೆ ನೋಡಿ: ತಲೆಯ ಹಿಂದಿನ ಬೆನ್ನು ಚೂಪಾಗಿದೆಯೇ, ಹೊಟ್ಟೆ ಒಳಕ್ಕೆ ಹೋಗಿದೆಯೇ. ಪಕ್ಕದ ಮೀನಿಗಿಂತ ಕಿವಿರು ಬೇಗ ಬಡಿಯುತ್ತಿದ್ದರೆ, ಒಂದೇ ಕಿವಿರು ಆಡುತ್ತಿದ್ದರೆ, ಮೈ ಕಲ್ಲಿಗೆ ಉಜ್ಜುತ್ತಿದ್ದರೆ ಬಿಟ್ಟುಬಿಡಿ. ಅದೇ ತೊಟ್ಟಿಯಲ್ಲಿ ಸತ್ತ ಮೀನೊಂದು ಕಂಡರೆ ಆ ತೊಟ್ಟಿಯ ಯಾವುದನ್ನೂ ಕೊಳ್ಳಬೇಡಿ. ಮನೆಗೆ ಒಂದೂವರೆ ಗಂಟೆ ಟ್ರಾಫಿಕ್ ಇದ್ದರೆ ಥರ್ಮೊಕೋಲ್ ಡಬ್ಬಿ ಒಯ್ಯಿರಿ, ಚೀಲಕ್ಕೆ ಆಮ್ಲಜನಕ ತುಂಬಿಸಿ.

## ಹಂತ 7: ಕ್ವಾರಂಟೈನ್, ನಾಲ್ಕು ವಾರ

ಬಹಳ ಅಂಗಡಿಗಳು ಲವಣಾಂಶವನ್ನು 1.018ರಿಂದ 1.020ರಲ್ಲೇ ಇಡುತ್ತವೆ. ಉಪ್ಪೂ ಉಳಿಯುತ್ತದೆ, ಪರಾವಲಂಬಿಗಳೂ ಹದ್ದುಬಸ್ತಿನಲ್ಲಿರುತ್ತವೆ ಎಂಬುದು ಅವರ ಲೆಕ್ಕ. ಮೀನು ಹೆಚ್ಚಿನಿಂದ ಕಡಿಮೆ ಉಪ್ಪಿಗೆ ಬೇಗ ಹೊಂದುತ್ತದೆ, ಕಡಿಮೆಯಿಂದ ಹೆಚ್ಚಿಗೆ ಹೊಂದಲು ದಿನಗಳೇ ಬೇಕು. 1.019ರಿಂದ ನೇರ 1.026ಕ್ಕೆ ಬಿದ್ದ ಮೀನು ಮೊದಲ ದಿನ ಚೆನ್ನಾಗಿರುತ್ತದೆ, ಎರಡು ಮೂರು ದಿನಕ್ಕೆ ಸಾಯುತ್ತದೆ. ಜನ ಜೊತೆಯ ಮೀನನ್ನು ದೂರುತ್ತಾರೆ. ಅದಕ್ಕೆ ಕ್ವಾರಂಟೈನ್ ಟ್ಯಾಂಕನ್ನೇ ಮೊದಲು ಅಂಗಡಿಯ ಲವಣಾಂಶಕ್ಕೆ ಹೊಂದಿಸಿ. ಚೀಲವನ್ನು 15ರಿಂದ 20 ನಿಮಿಷ ತೇಲಿಸಿ ಉಷ್ಣತೆ ಸರಿಮಾಡಿ ಮೀನನ್ನು ಮಾತ್ರ ಬಿಡಿ, ಚೀಲದ ನೀರು ಬೇಡ. ಆಮೇಲೆ ದಿನಕ್ಕೆ 0.001ರಷ್ಟು ಏರಿಸುತ್ತ ಹೋಗಿ.

ಗಂಟೆಗಟ್ಟಲೆ ಹನಿ ಹನಿಯಾಗಿ ನೀರು ಬಿಡುವ ಪದ್ಧತಿ ದೂರದಿಂದ ಬಂದ ಮೀನಿಗೆ ಅಪಾಯ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಆಗ ಅಮೋನಿಯಾ ಅಷ್ಟು ವಿಷವಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಬಿಚ್ಚಿದ ಮೇಲೆ ತಡ ಮಾಡಬೇಡಿ.

ನಾಲ್ಕು ವಾರ ದಿನವೂ ನೋಡಬೇಕಾದದ್ದು: ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ (ಇಕ್), ಧೂಳು ಉದುರಿಸಿದಂಥ ಹೊಳಪು ಮತ್ತು ಏದುಸಿರು (ವೆಲ್ವೆಟ್), ಕ್ಲೌನ್ ಮೈಮೇಲೆ ಬಿಳಿ ಲೋಳೆ (ಬ್ರೂಕ್ಲಿನೆಲ್ಲಾ). ಕೊನೆಯ ಎರಡು ರೋಗಗಳು ಗಂಟೆಗಳ ಲೆಕ್ಕದಲ್ಲಿ ಕೊಲ್ಲುತ್ತವೆ, ನಾಳೆ ನೋಡೋಣ ಎನ್ನುವಂತಿಲ್ಲ. ತಾಮ್ರದ ಔಷಧಿ ಹಾಕುವುದಾದರೆ ಆ ಔಷಧಿಗೆ ಹೊಂದುವ ತಾಮ್ರದ ಕಿಟ್‌ನಲ್ಲಿ ದಿನವೂ ಅಳೆಯಿರಿ. ಮುಖ್ಯ ಟ್ಯಾಂಕಿಗೆ ಒಂದು ಹನಿಯೂ ಬೇಡ, ಕಲ್ಲು ಮರಳು ಅದನ್ನು ಹೀರಿಕೊಂಡು ಮುಂದೆ ಸಿಗಡಿಗಳನ್ನು ಕೊಲ್ಲುತ್ತದೆ. ಸಿಗಡಿ, ಬಸವನಹುಳುಗಳಿಗೂ ಈ ಕ್ವಾರಂಟೈನ್ ಟ್ಯಾಂಕಿನಲ್ಲಿ ಜಾಗವಿಲ್ಲ.

## ಹಂತ 8: ಮುಖ್ಯ ಟ್ಯಾಂಕಿಗೆ ಬಿಡುವುದು

ಹಳೇ ಮೀನುಗಳಿಗೆ ಮೊದಲು ಹೊಟ್ಟೆ ತುಂಬ ಹಾಕಿ. ಲೈಟ್ ಆರಿಸಿ. ಹೊಸದನ್ನು ಅಕ್ರಿಲಿಕ್ ಡಬ್ಬಿಯಲ್ಲಿ ಒಳಗೆ ತೂಗುಹಾಕಿ 3ರಿಂದ 5 ದಿನ ಇರಿಸಿ, ಅಲ್ಲೇ ಊಟ ಕೊಡಿ. ಹಳಬರು ಡಬ್ಬಿಗೆ ಬಂದು ಗುದ್ದುತ್ತಾರೆ, ಎರಡನೇ ದಿನಕ್ಕೆ ಕಡಿಮೆಯಾಗುತ್ತದೆ, ಆಮೇಲೆ ಗಮನವೇ ಕೊಡುವುದಿಲ್ಲ. ಆಗ ಡಬ್ಬಿ ತೆರೆಯಿರಿ. ಐದು ದಿನವಾದರೂ ಗುದ್ದುವುದು ನಿಲ್ಲದಿದ್ದರೆ ಈ ಜೋಡಿ ಹೊಂದುವುದಿಲ್ಲ. ಬಿಟ್ಟು ನೋಡೋಣ ಎನ್ನುವ ಆಸೆ ಬೇಡ.

## ಹಂತ 9: ಮೊದಲ ಹತ್ತು ದಿನ, ಎಚ್ಚರಿಕೆಯ ಗುರುತುಗಳು

ಒಂದೆರಡು ಬಾರಿ ಅಟ್ಟುವುದು, ರೆಕ್ಕೆ ಬಿಚ್ಚಿ ತೋರಿಸುವುದು ಸಹಜ. ಹೊಸ ಮೀನು ಮೇಲಿನ ಮೂಲೆಯಲ್ಲೋ ಹೀಟರಿನ ಹಿಂದೆಯೋ ದಿನಗಟ್ಟಲೆ ನಿಂತರೆ, ಬಾಲದ ಅಂಚು ಹರಿದಿದ್ದರೆ, ಊಟ ಹಾಕಿದಾಗಲೂ ಹೊರಬರದಿದ್ದರೆ ಅದು ಸಹಜವಲ್ಲ. ಹೊಸ ಮೀನು ಎರಡು ದಿನ ತಿನ್ನದಿದ್ದರೆ ಒಂದನ್ನು ಹೊರತೆಗೆಯುವ ಸಿದ್ಧತೆ ಮಾಡಿ.

ತೆಗೆಯಬೇಕಾದದ್ದು ಏಟು ತಿಂದವನನ್ನಲ್ಲ, ಹೊಡೆದವನನ್ನು. ಜೋರಿನ ಮೀನನ್ನು ಮೂರು ನಾಲ್ಕು ದಿನ ಡಬ್ಬಿಯಲ್ಲಿಟ್ಟು, ಆ ಹೊತ್ತಿನಲ್ಲಿ ಒಂದೆರಡು ಕಲ್ಲುಗಳ ಜಾಗ ಬದಲಿಸಿ ಮತ್ತೆ ಬಿಡಿ. ಅದರ ಗುಹೆ ಅಲ್ಲಿಲ್ಲ, ಈಗ ಅದೇ ಹೊಸಬ. ಹಿಡಿಯಲು ಬಲೆ ಹಾಕಿ ಅಟ್ಟಾಡಬೇಡಿ, ಉಳಿದವೂ ಬೆದರುತ್ತವೆ. ರಾತ್ರಿ ಲೈಟ್ ಆರಿದ ಒಂದು ಗಂಟೆಯ ಮೇಲೆ ಟಾರ್ಚ್ ಬೆಳಕಿನಲ್ಲಿ ಅದು ಮಲಗುವ ಸಂದಿ ಹುಡುಕಿ, ಅಥವಾ ಊಟವಿಟ್ಟ ಬಾಟಲಿ ಬಲೆ ಒಡ್ಡಿ.

ಎರಡನೇ ಬಾರಿಯೂ ಅದೇ ಹಾಡಾದರೆ ಆ ಮೀನನ್ನು ಅಂಗಡಿಗೆ ಮರಳಿಸಿ ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಕೆರೆಗೆ ಬಿಡುವುದು ಅದನ್ನು ಕೊಂದಂತೆಯೇ, ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಅದು ಹೋದ ಜಾಗಕ್ಕೆ ಹೊಸದೊಂದನ್ನು ಆ ವಾರವೇ ತರಬೇಡಿ. ಏಟು ತಿಂದ ಮೀನಿನ ಬಾಲ ಮತ್ತೆ ಬೆಳೆದು, ಅದು ಮೊದಲಿನಂತೆ ಊಟಕ್ಕೆ ಮುಂದೆ ಬರುವವರೆಗೆ ಕಾಯಿರಿ.